ಬೆಳ್ಳಿ ಹೊದಿಸಿದ ಮುಳ್ಳು



ಅಲಂಕಾರವು ಹಿಂಸೆಯನ್ನು ಮುಚ್ಚಬಲ್ಲದು, ಕಳೆಯಲಾರದು. ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಲ್ಲರೂ ಒಪ್ಪುವ ಮಾತೇ ನಮ್ಮ ಮನೆಯ ಹೊಸ್ತಿಲನ್ನೂ ಬಸದಿಯ ಆಡಳಿತ ಮಂಡಳಿಯ ಬಾಗಿಲನ್ನೂ ದಾಟಿ ಒಳಬರುವಾಗ ಹೇಗೆ ತಡವರಿಸುತ್ತದೆ ಎಂಬುದನ್ನು ಇತ್ತೀಚೆಗೆ ಕಣ್ಣಾರೆ ಕಂಡೆನು. ಅದನ್ನು ಸಮಾಜದ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಡಗಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಸೋದರಳಿಯನು ರಜೆಯಲ್ಲಿ ಊರಿಗೆ ಬಂದಾಗ, ಮೊರಾಕ್ಕೋ ದೇಶದ ಕಾಸಾಬ್ಲಾಂಕಾದ ಹಳೆಯ ಪೇಟೆಯಲ್ಲಿ ಕೊಂಡ ಒಂದು ಜೊತೆ ವಸ್ತುವನ್ನು ಬಂದರಿನ ನಮ್ಮ ಅಂಗಡಿಗೆ ತಂದು ಮೇಜಿನ ಮೇಲಿಟ್ಟನು. "ಮಾವಾ, ಇದು ಏನೆಂದು ಹೇಳಿ ನೋಡುವ" ಎಂದನು. ಕಬ್ಬಿಣದ ಮೈ, ಅದರ ಮೇಲೆ ಬೆಳ್ಳಿಯ ತಂತಿಯಲ್ಲಿ ಕೂರಿಸಿದ ಎಲೆ, ಬಳ್ಳಿ, ನಕ್ಷತ್ರ. ನಮ್ಮ ಬೀದರಿನ ಬಿದರಿ ಕೆಲಸವನ್ನು ನೋಡಿದವರಿಗೆ ಕೂಡಲೇ ಅದರ ನೆನಪಾಗುವಂತಹ ಕುಸುರಿ. ನಾನು ವ್ಯಾಪಾರಿ. ಕೈಗೆ ಬಂದುದನ್ನು ಮೊದಲು ತೂಗಿ ನೋಡುವುದು, ಆಮೇಲೆ ಬೆಲೆ ಕಟ್ಟುವುದು ನಲವತ್ತು ವರ್ಷಗಳ ಅಭ್ಯಾಸ. ಅದನ್ನು ಬೆಳಕಿಗೆ ಹಿಡಿದೆ, ಕೆಲಸಗಾರನ ಕೈಚಳಕವನ್ನು ಹೊಗಳಿದೆ, ಬೆಲೆಯನ್ನೂ ಅಂದಾಜು ಮಾಡಿದೆ. ಅನಂತರ ಅವನು ಹೇಳಿದನು: ಇದು ಸವಾರನು ಹಿಮ್ಮಡಿಗೆ ಕಟ್ಟಿಕೊಂಡು ಕುದುರೆಯ ಪಕ್ಕೆಗೆ ತಿವಿಯುವ ಮುಳ್ಳು, ಇಂಗ್ಲಿಷಿನಲ್ಲಿ ಸ್ಪರ್. ಕಾಲು ಗಂಟೆಯ ಹೊತ್ತು ಆ ವಸ್ತು ನನ್ನ ಕೈಯಲ್ಲಿತ್ತು. ಅದರ ಮೊನೆಯನ್ನು ಮಾತ್ರ ನಾನು ನೋಡಿರಲಿಲ್ಲ. ನನ್ನ ಕಣ್ಣು ಬೆಳ್ಳಿಯಿದ್ದಲ್ಲೇ ನಿಂತಿತ್ತು.

ಮಾತು ಅಲ್ಲಿಗೇ ಮುಗಿಯಲಿಲ್ಲ. ತಾಳೆಗರಿಯ ಗ್ರಂಥಗಳು, ಹಳೆಯ ದೀಪಗಳು, ಕಂಚಿನ ಪೂಜಾಪಾತ್ರೆಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಭಕ್ತರಿಗೆ ತೋರಿಸುವ ಒಂದು ಬಸದಿಗೆ ಇದನ್ನು ದಾನವಾಗಿ ಕೊಡಬೇಕೆಂದು ಅಳಿಯನು ಬಯಸಿದನು. ಆಡಳಿತ ಮಂಡಳಿಯವರು ಸಂತೋಷದಿಂದ ಒಪ್ಪಿದರು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ "ಬೆಳ್ಳಿ ಕೆಲಸದ ಪುರಾತನ ಕಲಾವಸ್ತು, ಜೊತೆ 1" ಎಂದು ಬರೆಯುವ ಸಿದ್ಧತೆಯೂ ಆಯಿತು. ನಾನು ಆಕ್ಷೇಪವೆತ್ತಿದಾಗ ಹಿರಿಯರೊಬ್ಬರು ನಗುತ್ತಲೇ ಕೇಳಿದರು: "ಆ ಕುದುರೆ ಸತ್ತು ಎಷ್ಟೋ ಕಾಲವಾಯಿತು. ಈಗ ಇದರಿಂದ ಹಿಂಸೆ ಯಾರಿಗೆ ಮಾರಾಯರೇ?" ಸಭೆ ನಕ್ಕಿತು, ತೀರ್ಮಾನವಿಲ್ಲದೆ ಮುಗಿಯಿತು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಂದು ಸಭೆಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆ ವಸ್ತುವಿನ ಸ್ವರೂಪವನ್ನು ತಿಳಿಯೋಣ. ಮೊರಾಕ್ಕೋ, ಅಲ್ಜೀರಿಯಾ ಮೊದಲಾದ ಉತ್ತರ ಆಫ್ರಿಕದ ನಾಡುಗಳ ಹಿಮ್ಮಡಿಮುಳ್ಳಿಗೆ ಎರಡು ಭಾಗಗಳು. ಹಿಮ್ಮಡಿಯನ್ನು ತಬ್ಬುವ ಲಾಳದಾಕಾರದ ಕಬ್ಬಿಣದ ಪಟ್ಟಿ ಒಂದು. ಅದರ ನಡುವಿನಿಂದ ಹಿಂದಕ್ಕೆ ಚಾಚಿಕೊಂಡಿರುವ ನೀಳವಾದ ಒಂಟಿ ಮೊಳೆ ಇನ್ನೊಂದು. ಯುರೋಪಿನಲ್ಲಿ ಮಧ್ಯಯುಗದ ನಡುವಿನಿಂದ ಹಲ್ಲುಗಳುಳ್ಳ ತಿರುಗುವ ಚಕ್ರವು ಬಳಕೆಗೆ ಬಂದರೂ, ಆಫ್ರಿಕದ ಸವಾರನು ಹಳೆಯ ಒಂಟಿ ಮೊಳೆಯನ್ನೇ ಉಳಿಸಿಕೊಂಡನು. ನನ್ನ ಮೇಜಿನ ಮೇಲಿದ್ದ ಜೊತೆಯ ಮೊಳೆ ಹೆಚ್ಚು ಕಡಿಮೆ ಒಂದು ಗೇಣು ಉದ್ದವಿತ್ತು. ಅಷ್ಟು ಉದ್ದವೇಕೆ? ಆ ಸವಾರನು ರಿಕಾಬನ್ನು ಬಹಳ ಗಿಡ್ಡವಾಗಿ ಕಟ್ಟಿ, ಮೊಣಕಾಲು ಮಡಿಸಿ, ಎತ್ತರದ ಜೀನಿನಲ್ಲಿ ಕೂರುತ್ತಾನೆ. ಅವನ ರಿಕಾಬು ಇಡೀ ಪಾದವನ್ನೇ ಹಿಡಿಯುವಷ್ಟು ಅಗಲವಾದ ತಗಡು. ಹಿಮ್ಮಡಿಗೂ ಕುದುರೆಯ ಪಕ್ಕೆಗೂ ನಡುವೆ ಬೀಳುವ ಅಂತರವನ್ನು ದಾಟಲು ಉದ್ದನೆಯ ಮುಳ್ಳು ಬೇಕಾಯಿತು. ಆ ಅಗಲ ರಿಕಾಬಿನ ಚೂಪಾದ ಮೂಲೆಗಳೂ ಸಮಯ ಬಿದ್ದಾಗ ಮುಳ್ಳಿನ ಕೆಲಸವನ್ನೇ ಮಾಡುತ್ತಿದ್ದವು. ಈ ಬಗೆಯ ಸವಾರಿಯನ್ನು ಸ್ಪೇನಿಗೆ ಕೊಂಡೊಯ್ದವರು ಜೆನಾತ ಎಂಬ ಬರ್ಬರ್ ಪಂಗಡದವರು. ಸ್ಪ್ಯಾನಿಷ್ ಭಾಷೆಯಲ್ಲಿ ಸವಾರನಿಗಿರುವ ಹಿನೇತೆ ಎಂಬ ಹೆಸರು ಬಂದುದೇ ಅವರ ಹೆಸರಿನಿಂದ.

ಇನ್ನು ಅಲಂಕಾರ. ಹಿಮ್ಮಡಿಯ ಪಟ್ಟಿಯ ಹೊರಮೈ, ಮೊಳೆಯ ಬುಡ, ತೊಗಲಿನ ಬಾರನ್ನು ಪೋಣಿಸುವ ಕಿಂಡಿಯ ಸುತ್ತ: ಇಲ್ಲೆಲ್ಲ ಬೆಳ್ಳಿಯ ಅಥವಾ ಚಿನ್ನದ ತಂತಿಯನ್ನು ಕಬ್ಬಿಣದ ಮೇಲೆ ಬಡಿದು ಕೂರಿಸುತ್ತಾರೆ, ಗೆರೆ ಕೊರೆಯುತ್ತಾರೆ. ಮನುಷ್ಯ, ಪ್ರಾಣಿಗಳ ರೂಪವನ್ನು ಬಿಟ್ಟು ಬಳ್ಳಿ, ಹೂ, ಕೋನಗಳ ಜಾಲಗಳಲ್ಲೇ ಸೌಂದರ್ಯವನ್ನು ತರುತ್ತಾರೆ. ಆ ಅಕ್ಕಸಾಲಿಗನ ಕೈಗೆ ನಾನು ತಲೆಬಾಗುತ್ತೇನೆ. ಆದರೆ ಧರ್ಮಬಂಧುಗಳು ಒಂದು ಸಂಗತಿಯನ್ನು ಗಮನಿಸಬೇಕು. ಬೆಳ್ಳಿಯು ಮೊನೆಯ ಹತ್ತಿರ ಬಂದಂತೆ ನಿಂತುಹೋಗುತ್ತದೆ. ತುದಿಯಲ್ಲಿ ಬರಿಯ ಕಬ್ಬಿಣ. ಕೆಲಸಗಾರನಿಗೆ ಇದು ಗೊತ್ತಿತ್ತು: ಮೆದುವಾದ ಬೆಳ್ಳಿಯಿಂದ ತಿವಿಯಲಾಗದು. ಅಲಂಕಾರವು ನೋಡುವ ಜನರ ಪಾಲಿಗೆ, ಕಬ್ಬಿಣವು ಕುದುರೆಯ ಪಾಲಿಗೆ. ಒಂದೇ ವಸ್ತುವಿನಲ್ಲಿ ಎರಡು ಖಾತೆಗಳು. ಪ್ರೇಕ್ಷಕನ ಹೆಸರಿಗೆ ಜಮಾ, ಮೂಕಪ್ರಾಣಿಯ ಹೆಸರಿಗೆ ಖರ್ಚು. ವಾಣಿಜ್ಯ ಓದಿದವನಿಗೆ ಇಂತಹ ಲೆಕ್ಕಪುಸ್ತಕವನ್ನು ಕಂಡರೆ ಸಂಶಯ ಹುಟ್ಟಬೇಕು.

ಅಲಂಕಾರವು ಇಲ್ಲಿ ಮಾಡುವ ಕೆಲಸವಾದರೂ ಏನು? ನೋವುಂಟುಮಾಡುವ ಸಾಧನವನ್ನು ಅದು ಗೌರವದ ಚಿಹ್ನೆಯಾಗಿ ಮಾರ್ಪಡಿಸುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಚಿನ್ನದ ಮುಳ್ಳು ನೈಟ್ ಪದವಿಯ ವೀರನಿಗೆ, ಬೆಳ್ಳಿಯ ಮುಳ್ಳು ಅವನ ಕೈಕೆಳಗಿನವನಿಗೆ ಎಂಬ ಮರ್ಯಾದೆಯಿತ್ತು. 1302ರ ಜುಲೈ 11ರಂದು ಈಗಿನ ಬೆಲ್ಜಿಯಂನ ಕೋರ್ಟ್ರೈಕ್ ಎಂಬಲ್ಲಿ ಫ್ರಾನ್ಸಿನ ಸವಾರಪಡೆಯನ್ನು ಫ್ಲಾಂಡರ್ಸಿನ ಕಾಲಾಳುಗಳು ಸೋಲಿಸಿದರು. ಸತ್ತವರ ಹಿಮ್ಮಡಿಗಳಿಂದ ಬಿಚ್ಚಿದ ಸುಮಾರು 500 ಜೊತೆ ಮುಳ್ಳುಗಳನ್ನು ಆ ಊರಿನ ಇಗರ್ಜಿಯಲ್ಲಿ ತೂಗುಹಾಕಿದರು. ಆ ಕಾಳಗಕ್ಕೆ ಚಿನ್ನದ ಮುಳ್ಳುಗಳ ಯುದ್ಧವೆಂದೇ ಹೆಸರು. 1382ರಲ್ಲಿ ಗೆದ್ದ ಫ್ರೆಂಚರು ಅವನ್ನು ತಿರುಗಿ ಒಯ್ದರು. ಎರಡು ಕಡೆಯವರೂ ಮುಳ್ಳನ್ನು ಮಾನಾಪಮಾನಗಳ ವಿಷಯವೆಂದು ಬಗೆದರು. ಅದು ತಿವಿದ ಪಕ್ಕೆಯ ವಿಚಾರ ಯಾರ ನೆನಪಿಗೂ ಬರಲಿಲ್ಲ. ದೇವಾಲಯದ ಗೋಡೆಯಲ್ಲಿ ನೇತುಹಾಕಿದ ಕೂಡಲೇ ಅದು ಪೂಜ್ಯವೇ ಆಗಿಹೋಯಿತು. ನಮ್ಮ ಗಾಜಿನ ಕಪಾಟೂ ಇದೇ ಕೆಲಸವನ್ನು ಮಾಡಹೊರಟಿದೆ ಎಂಬುದೇ ನನ್ನ ಭಯ.

ಇದು ದೂರದ ದೇಶದ ಕಥೆ, ನಮಗೇನು ಎಂದು ಹೇಳುವಂತಿಲ್ಲ. ಮೊರಾಕ್ಕೋದ ತಾಂಜಿಯರ್ ಊರಿನ ಪ್ರವಾಸಿ ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಇದೇ ನಮ್ಮ ಮಂಗಳೂರಿಗೆ ಬಂದಿದ್ದನು. ಮೆಣಸು, ಶುಂಠಿಗಳಿಗಾಗಿ ಪಾರಸಿ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಬಂದಿಳಿಯುವುದನ್ನು ಬರೆದಿಟ್ಟನು. ಕುದುರೆಯ ಮೇಲೆಯೇ ಬೆಳೆದ ನಾಡಿನಿಂದ ಬಂದ ಆತನಿಗೆ ಮಲಬಾರಿನ ಕರಾವಳಿಯಲ್ಲಿ ಕಂಡ ಒಂದು ಸಂಗತಿ ವಿಚಿತ್ರವೆನಿಸಿತು. ಇಲ್ಲಿ ಯಾರೂ ಪ್ರಾಣಿಯ ಮೇಲೇರಿ ಪ್ರಯಾಣ ಮಾಡುವುದಿಲ್ಲ, ಕುದುರೆಯಿರುವುದು ಅರಸನೊಬ್ಬನಲ್ಲಿ ಮಾತ್ರ ಎಂದು ಅವನು ಹೇಳುತ್ತಾನೆ. ಮುಂದೆ ವಿಜಯನಗರದ ಕಾಲದಲ್ಲಿ ಭಟ್ಕಳದಂತಹ ಬಂದರುಗಳಲ್ಲಿ ಅರಬ್ಬೀ ಕುದುರೆಗಳು ಹಡಗಿನಿಂದಿಳಿದು ಘಟ್ಟವೇರಿದವು. ಆ ವ್ಯಾಪಾರದಿಂದ ಕರಾವಳಿಗೆ ಸಂಪತ್ತು ಬಂತು. ಆದ್ದರಿಂದ ಕುದುರೆಯ ಋಣ ಕರಾವಳಿಗೆ ಇಲ್ಲವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಈಗ ನಮ್ಮ ಶಾಸ್ತ್ರವು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನ ನೀರನ್ನು ತಡೆಯುವುದು. ಇವುಗಳಲ್ಲಿ ಎರಡನೆಯದಕ್ಕೆ ವಧ ಎಂಬ ಪದವಿದೆ. ಇಲ್ಲಿ ವಧವೆಂದರೆ ಕೊಲೆಯಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅರ್ಥ ಹೇಳಿದ್ದಾರೆ. ಕೊಂದರೆ ವ್ರತವೇ ಭಂಗವಾಯಿತು; ಹೊಡೆದರೆ ವ್ರತಕ್ಕೆ ಕಳಂಕ ಬಂತು. ಗೃಹಸ್ಥನ ದೈನಂದಿನ ಬದುಕಿನಲ್ಲಿ ಎತ್ತು, ಎಮ್ಮೆ, ಕುದುರೆಗಳು ಇದ್ದೇ ಇರುತ್ತವೆ ಎಂಬುದನ್ನು ಬಲ್ಲ ಆಚಾರ್ಯರು, ಅವುಗಳೊಡನೆ ನಡೆದುಕೊಳ್ಳುವ ಮರ್ಯಾದೆಯನ್ನೇ ಹೀಗೆ ಗೆರೆಯೆಳೆದು ತೋರಿಸಿದರು.

ಅದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಅನರ್ಥದಂಡವ್ರತ. ಪ್ರಯೋಜನವಿಲ್ಲದೆ ಪಾಪವನ್ನು ಕಟ್ಟಿಕೊಳ್ಳುವ ಐದು ದಾರಿಗಳಲ್ಲಿ ಹಿಂಸಾದಾನವೂ ಒಂದು. ಅಂದರೆ ಹಿಂಸೆಯ ಉಪಕರಣವನ್ನು ಇನ್ನೊಬ್ಬರಿಗೆ ಕೊಡುವುದು. ಯಾವ ಯಾವ ಉಪಕರಣಗಳೆಂದು ಪೂಜ್ಯಪಾದರು ಹೆಸರಿಸುವಲ್ಲಿ ವಿಷ, ಶಸ್ತ್ರಗಳ ಜೊತೆಗೇ ಮುಳ್ಳೂ ಇದೆ, ಚಾವಟಿಯೂ ಇದೆ. ಓದುಗರು ಇದನ್ನು ಎರಡು ಸಲ ಓದಬೇಕೆಂದು ನನ್ನ ಪ್ರಾರ್ಥನೆ. ಮುಳ್ಳಿಗೆ ಬೆಳ್ಳಿ ಹೊದಿಸಿದ್ದರೆ ಕೊಡಬಹುದು ಎಂಬ ವಿನಾಯಿತಿಯನ್ನು ನಾನು ಯಾವ ಶ್ರಾವಕಾಚಾರದಲ್ಲಿಯೂ ಕಾಣಲಿಲ್ಲ. ಮುಳ್ಳನ್ನು ದಾನವಾಗಿ ಕೊಡುವುದು ಹಿಂಸಾದಾನವಾದರೆ, ಬಸದಿಯು ಅದನ್ನು ದಾನವೆಂದು ಸ್ವೀಕರಿಸಿ ಗೌರವದ ಸ್ಥಾನದಲ್ಲಿಡುವುದು ಏನಾಗುತ್ತದೆ ಎಂಬುದನ್ನು ಆಡಳಿತ ಮಂಡಳಿಗಳೇ ನಿರ್ಣಯಿಸಲಿ.

"ಕುದುರೆ ಸತ್ತುಹೋಗಿದೆ" ಎಂಬ ವಾದಕ್ಕೆ ಈಗ ಬರುತ್ತೇನೆ. ಹಿಂಸೆಯು ಮಾಡುವುದರಿಂದ ಮಾತ್ರವಲ್ಲ, ಮಾಡಿಸುವುದರಿಂದಲೂ ಅನುಮೋದಿಸುವುದರಿಂದಲೂ ಆಗುತ್ತದೆ ಎಂದು ಬಾಲ್ಯದಿಂದ ಕೇಳುತ್ತಾ ಬಂದವರು ನಾವು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ತಿಳಿಯದ ಜೈನ ಮನೆ ಕನ್ನಡನಾಡಿನಲ್ಲಿ ಇರಲಾರದು. ಅಲ್ಲಿ ಕತ್ತಿಗೆ ಗುರಿಯಾದುದು ಹಿಟ್ಟಿನ ಕೋಳಿ. ಅದಕ್ಕೆ ಜೀವವಿರಲಿಲ್ಲ. ಆದರೂ ಸಂಕಲ್ಪವು ತಾಯಿ ಮಗನನ್ನು ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಜೀವವಿಲ್ಲದ ಹಿಟ್ಟಿನ ಕೋಳಿಯ ವಿಷಯದಲ್ಲೇ ಇಷ್ಟು ಕಟ್ಟುನಿಟ್ಟಾಗಿರುವ ಧರ್ಮವು, ಒಂದು ಕಾಲದಲ್ಲಿ ನಿಜವಾದ ಕುದುರೆಯ ನಿಜವಾದ ಪಕ್ಕೆಗೆ ಇಳಿದ ಮುಳ್ಳನ್ನು ಮೆಚ್ಚಿ ನೋಡುವ ಕಣ್ಣಿಗೆ ಏನೂ ಹೇಳದೆ ಬಿಡುತ್ತದೆಯೇ?

ಎರಡನೆಯ ವಾದವು ಕಲೆಯದು. ಕಲೆಯನ್ನು ತಿರಸ್ಕರಿಸುವ ಅರಸಿಕರು ಜೈನರಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರಲ್ಲಿ ಕಟ್ಟಿಸಿದವರಿಗೆ ಕಲೆಯ ಪಾಠವನ್ನು ಯಾರೂ ಹೇಳಬೇಕಾಗಿಲ್ಲ. ಅದೇ ಊರಿನ ಚೌಟರ ಅರಮನೆಯ ಮರದ ಕಂಬದಲ್ಲಿ ಐವರು ಸ್ತ್ರೀಯರ ದೇಹಗಳನ್ನು ಹೆಣೆದು ಕೆತ್ತಿದ ಪಂಚನಾರೀತುರಗವಿದೆ. ಅದೂ ಕುದುರೆಯನ್ನು ಕುರಿತ ಕಲೆಯೇ. ಆ ಶಿಲ್ಪಿಗೆ ಕುದುರೆಯ ಚೆಲುವನ್ನು ತೋರಿಸಲು ಯಾವ ಮುಳ್ಳೂ ಬೇಕಾಗಲಿಲ್ಲ. ಆದುದರಿಂದ ನನ್ನ ಆಕ್ಷೇಪ ಕಲೆಯ ಮೇಲಲ್ಲ, ಕಲೆಯನ್ನು ಹಿಂಸೆಯ ಮುಸುಕಾಗಿ ಬಳಸುವುದರ ಮೇಲೆ.

ಮೂರನೆಯ ವಾದ ಇತಿಹಾಸದ್ದು. ಚಾವುಂಡರಾಯ, ಗಂಗರಾಜ ಮುಂತಾದ ಜೈನ ದಂಡನಾಯಕರು ಕುದುರೆಯೇರಿ ಯುದ್ಧ ಮಾಡಲಿಲ್ಲವೇ ಎಂದು ಕೇಳುತ್ತಾರೆ. ಮಾಡಿದರು. ಗೃಹಸ್ಥನಿಗೆ ನಾಡಿನ ರಕ್ಷಣೆಗಾಗಿ ಬಂದೊದಗುವ ವಿರೋಧಿ ಹಿಂಸೆಯನ್ನೂ ಬೇಸಾಯ, ವ್ಯಾಪಾರಗಳಲ್ಲಿ ಒದಗುವ ಉದ್ಯೋಗಿ ಹಿಂಸೆಯನ್ನೂ ನಮ್ಮ ಆಚಾರ್ಯರು ಬೇರೆ ಮಾಡಿ ಹೇಳಿದ್ದಾರೆ. ಅವು ಪಾಪವಲ್ಲವೆಂದಲ್ಲ, ಅನಿವಾರ್ಯವೆಂದು. ಆದರೆ ಮೊರಾಕ್ಕೋದ ತಬೂರಿದಾ ಎಂಬ ಪ್ರದರ್ಶನವನ್ನು ನೋಡಿ. ಸವಾರರು ಸಾಲಾಗಿ ಕುದುರೆಗಳನ್ನು ನಾಗಾಲೋಟದಲ್ಲಿ ಓಡಿಸಿ, ಒಟ್ಟಿಗೇ ಕೋವಿ ಹಾರಿಸಿ, ತಟ್ಟನೆ ನಿಲ್ಲಿಸುತ್ತಾರೆ. 2021ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಶತ್ರುವಿಲ್ಲ, ರಕ್ಷಿಸಬೇಕಾದ ನಾಡಿಲ್ಲ. ಇರುವುದು ನೋಟ ಮಾತ್ರ. ಯುದ್ಧಕ್ಕೆ ಸಿಗುವ ವಿನಾಯಿತಿಯನ್ನು ನೋಟವು ಎರವಲು ಪಡೆಯಲಾಗದು. ನೋಟಕ್ಕಾಗಿ ಮಾಡುವ ಹಿಂಸೆಯು ಯಾವ ಲೆಕ್ಕದಲ್ಲಿಯೂ ಅನಿವಾರ್ಯವಲ್ಲ.

ಇಷ್ಟು ಹೊತ್ತು ಪರದೇಶದ ಸವಾರನ ಹಿಮ್ಮಡಿಯನ್ನು ಕಂಡು ತಲೆದೂಗಿದ ಓದುಗರು ಈಗ ತಮ್ಮ ಅಂಗಳದತ್ತ ನೋಡಬೇಕು. ನೋಟಕ್ಕಾಗಿ ಪ್ರಾಣಿಯನ್ನು ಓಡಿಸುವ ಕಾರ್ಯ ನಮ್ಮ ತುಳುನಾಡಿನಲ್ಲಿಯೂ ಇದೆ. ಬೆಳ್ಳಿಯೂ ಇದೆ, ಬಂಗಾರವೂ ಇದೆ. ನಾನು ಹೇಳುತ್ತಿರುವುದು ಕಂಬಳದ ವಿಷಯ.

ಕಂಬಳವನ್ನು ದ್ವೇಷಿಸುವವನು ನಾನಲ್ಲ. ಜೈನ ಬೀಡು, ಗುತ್ತುಗಳ ಗದ್ದೆಗಳಲ್ಲಿಯೂ ಕಂಬಳ ನಡೆದುಬಂದಿದೆ. ಮಿಯ್ಯಾರಿನ ಲವ-ಕುಶ, ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳಗಳನ್ನು ನೋಡಲು ನಮ್ಮ ಮನೆಗಳಿಂದಲೂ ಜನರು ಹೋಗುತ್ತಾರೆ. ಕೋಣಗಳಿಗೆ ಹುರುಳಿ ಬೇಯಿಸಿ ತಿನ್ನಿಸಿ, ಎಣ್ಣೆ ತಿಕ್ಕಿ, ಮಕ್ಕಳಂತೆ ಸಾಕುವವರ ಪ್ರೀತಿ ಸುಳ್ಳಲ್ಲ. ಅವುಗಳ ತಲೆಗೆ ಹಿತ್ತಾಳೆ ಬೆಳ್ಳಿಗಳ ಪದಕ, ಕೆಲವೊಮ್ಮೆ ಅದರಲ್ಲಿ ಸೂರ್ಯ ಚಂದ್ರರ ಚಿಹ್ನೆ, ಬೆನ್ನಿಗೆ ಪಾವಡೆ, ಬಣ್ಣದ ಹಗ್ಗ: ಇವು ಯಾವುದೂ ಪ್ರಾಣಿಗೆ ನೋವು ಕೊಡುವಂಥವಲ್ಲ. ಅವು ಇರಲಿ. ಹಳೆಯ ಕಾಲದಲ್ಲಿ ಗೆದ್ದವರಿಗೆ ತೆಂಗಿನಕಾಯಿ, ಬಾಳೆಗೊನೆ ಸಿಗುತ್ತಿತ್ತು. ಈಗ ಚಿನ್ನದ ಪದಕ ಸಿಗುತ್ತದೆ. ಅದೂ ಇರಲಿ. ಆದರೆ ಗಂತಿನಿಂದ ಮಂಜೊಟ್ಟಿಯವರೆಗೆ ಓಡಿಸುವವನ ಕೈಯಲ್ಲಿರುವ ಬೆತ್ತವು ಯಾವ ಅಲಂಕಾರದ ಭಾಗ? ಅದು ನಮ್ಮ ಊರಿನ ಹಿಮ್ಮಡಿಮುಳ್ಳಲ್ಲವೇ?

ನನ್ನ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಬೆತ್ತವಿತ್ತು. ಹಿಡಿಗೆ ಹಿತ್ತಾಳೆಯ ಬಳೆ, ತುದಿಗೆ ತೊಗಲಿನ ಬಾರು. ದೀಪಾವಳಿಯ ದಿನ ಅದನ್ನು ಕೆಳಗಿಳಿಸಿ ಹಿತ್ತಾಳೆಯನ್ನು ಹುಣಸೆಹುಳಿಯಿಂದ ಉಜ್ಜುವ ಕೆಲಸ ಮಕ್ಕಳಾದ ನಮ್ಮದು. ಎಷ್ಟು ಸಲ ಉಜ್ಜಿದ್ದೇನೋ ಲೆಕ್ಕವಿಲ್ಲ. ಆ ಬಾರು ಏತಕ್ಕೆಂದು ಒಂದು ಸಲವೂ ಕೇಳಲಿಲ್ಲ. ಕಾಸಾಬ್ಲಾಂಕಾದ ಬೆಳ್ಳಿಯ ಮುಂದೆ ಅರುವತ್ತು ದಾಟಿದ ನಾನು ಮೈಮರೆತುದರಲ್ಲಿ ಆಶ್ಚರ್ಯವೇನು? ಆ ಅಭ್ಯಾಸ ಮನೆಯಲ್ಲೇ ಆಗಿತ್ತು.

ಕಾನೂನಿನ ಮಾತನ್ನೂ ಹೇಳಬೇಕು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ಅದರ ಪರಿಣಾಮ ಕಂಬಳಕ್ಕೂ ತಟ್ಟಿತು. ಕರ್ನಾಟಕ ಸರಕಾರವು 2017ರ ತಿದ್ದುಪಡಿ ಕಾಯಿದೆಯ ಮೂಲಕ ಕಂಬಳಕ್ಕೆ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠವು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕಂಬಳ ನಡೆಯಿತು. ಆದ್ದರಿಂದ ಕಂಬಳವು ಕಾನೂನುಬಾಹಿರವೆಂದು ನಾನು ವಾದಿಸುತ್ತಿಲ್ಲ. ನ್ಯಾಯಾಲಯವು ಅನುಮತಿಸಿದುದನ್ನೆಲ್ಲ ಶ್ರಾವಕನು ಮಾಡಬಹುದೆಂದಾದರೆ ಅಣುವ್ರತಗಳ ಅಗತ್ಯವೇ ಇರಲಿಲ್ಲ. ಮದ್ಯಕ್ಕೂ ಮಾಂಸಕ್ಕೂ ಸರಕಾರದ ಲೈಸೆನ್ಸು ಸಿಗುತ್ತದೆ. ಲೈಸೆನ್ಸು ಸಿಗುತ್ತದೆಂದು ನಾವು ಅಂಗಡಿ ತೆರೆಯುತ್ತೇವೆಯೇ?

ತಮ್ಮ ಕಂಬಳವು ಹಿಂಸಾರಹಿತವೆಂದು ಸಂಘಟಕರು ಹೇಳುತ್ತಾರೆ. ಅವರ ಮಾತನ್ನು ನಾನು ನಂಬಲು ಸಿದ್ಧ. ನಂಬಿದ ಮೇಲೆ ಒಂದೇ ಪ್ರಶ್ನೆ ಉಳಿಯುತ್ತದೆ: ಹೊಡೆಯುವುದಿಲ್ಲವೆಂದಾದರೆ ಬೆತ್ತವನ್ನು ಕರೆಗೆ ಏಕೆ ಇಳಿಸಬೇಕು? ಬೆತ್ತವಿಲ್ಲದೆ ಕೋಣ ಓಡದು ಎಂದಾದರೆ ಅದು ಹಿಂಸಾರಹಿತವೆಂಬ ಮಾತನ್ನು ಬಿಡಬೇಕು. ಬೆತ್ತವಿಲ್ಲದೆಯೂ ಓಡುತ್ತದೆ ಎಂದಾದರೆ ಬೆತ್ತವನ್ನೇ ಬಿಡಬೇಕು. ಎರಡನ್ನೂ ಉಳಿಸಿಕೊಳ್ಳುವ ಮೂರನೆಯ ದಾರಿ ನನಗೆ ತೋರುವುದಿಲ್ಲ. ಕನೆಹಲಗೆಯ ಸ್ಪರ್ಧೆಯಲ್ಲಿ ನೋಡುವುದು ನೀರು ನಿಶಾನೆಯ ಎತ್ತರಕ್ಕೆ ಚಿಮ್ಮಿತೇ ಎಂಬುದನ್ನು. ಬೆನ್ನಿನ ಮೇಲೆ ಎಷ್ಟು ಬಾಸುಂಡೆ ಎದ್ದವು ಎಂಬುದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಹೀಗಿರುವಾಗ ಬೆತ್ತವನ್ನು ತೆಗೆದರೆ ಆಟ ಕೆಡುವುದಾದರೂ ಎಲ್ಲಿ?

ಇನ್ನೊಂದು ಮಾತು ನೇರವಾಗಿ ಬಸದಿಗಳ ಟ್ರಸ್ಟುಗಳಿಗೆ. ಪಂಚಕಲ್ಯಾಣ, ರಥೋತ್ಸವಗಳ ಮೆರವಣಿಗೆಗೆ ಬಾಡಿಗೆಗೆ ಆನೆ ಕುದುರೆಗಳನ್ನು ತರಿಸುವ ರೂಢಿ ಹೆಚ್ಚುತ್ತಿದೆ. ಆನೆಗೆ ಬಂಗಾರ ಬಣ್ಣದ ನೆತ್ತಿಪಟ್ಟ, ಮಾವುತನ ಕೈಯಲ್ಲಿ ಅಂಕುಶ. ಕುದುರೆಗೆ ಜರಿಯ ಜೂಲು, ಬಾಯಲ್ಲಿ ಎಂತಹ ಕಡಿವಾಣವಿದೆಯೆಂದು ಯಾರೂ ನೋಡುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ 1965ರಲ್ಲಿ ಮಾಡಿದ ನಿಯಮಗಳು, ಸವಾರಿಗಾಗಲಿ ಬಂಡಿ ಎಳೆಸಲಾಗಲಿ ಮುಳ್ಳುಗೋಲನ್ನೂ ಮುಳ್ಳಿನ ಕಡಿವಾಣವನ್ನೂ ಗಾಯ ಮಾಡುವ ಯಾವುದೇ ಚೂಪಾದ ಸಾಧನವನ್ನೂ ಬಳಸಕೂಡದೆಂದು ವಿಧಿಸಿವೆ. ಆ ಲೆಕ್ಕದಲ್ಲಿ ಕಾಸಾಬ್ಲಾಂಕಾದ ಬೆಳ್ಳಿಮುಳ್ಳನ್ನು ನಮ್ಮ ದೇಶದಲ್ಲಿ ಇಂದು ಕುದುರೆಗೆ ಚುಚ್ಚುವಂತಿಲ್ಲ. ಕಾನೂನು ಒಪ್ಪದ ಸಾಧನವನ್ನು ಬಸದಿಯ ಕಪಾಟು ಗೌರವಿಸುವುದು ಎಂತಹ ವಿಪರೀತ! ಅದಿರಲಿ. ಜಿನಬಿಂಬದ ಮುಂದೆ ನಡೆಯುವ ಕುದುರೆಯ ಬಾಯಲ್ಲಿ ರಕ್ತ ಒಸರಿದರೆ ಆ ಮೆರವಣಿಗೆಯ ಪುಣ್ಯವನ್ನು ಯಾವ ಪುಟದಲ್ಲಿ ಬರೆಯೋಣ?

ನೇಮಿನಾಥ ಸ್ವಾಮಿಯ ಮದುವೆಯ ದಿಬ್ಬಣಕ್ಕಿಂತ ದೊಡ್ಡ ಅಲಂಕಾರವನ್ನು ನಮ್ಮ ಪುರಾಣಗಳಲ್ಲಿ ಹುಡುಕಿ ತೆಗೆಯುವುದು ಕಷ್ಟ. ರಥ, ವಾದ್ಯ, ತೋರಣ ಎಲ್ಲವೂ ಇದ್ದವು. ಆ ಸಡಗರದ ನಡುವೆ ಕೂಡಿಹಾಕಿದ ಪ್ರಾಣಿಗಳ ಕೂಗು ಎಲ್ಲರ ಕಿವಿಗೂ ಬಿದ್ದಿರಬೇಕು, ಕೇಳಿಸಿಕೊಂಡವನು ಮದುಮಗನೊಬ್ಬನೇ. ರಥವನ್ನು ತಿರುಗಿಸಿದನು. ಅಲಂಕಾರ ಚೆನ್ನಾಗಿದೆ, ಇಂದಿನ ಮಟ್ಟಿಗೆ ನಡೆಯಲಿ ಎಂದು ಅವನು ಹೇಳಲಿಲ್ಲ.

ಆದುದರಿಂದ ನನ್ನ ವಿನಂತಿಗಳು ಇವು. ಹಿಂಸೆಯ ಉಪಕರಣವನ್ನು, ಅದು ಎಷ್ಟೇ ಬೆಲೆಬಾಳುವ ಕುಸುರಿಯದಾಗಿರಲಿ, ಯಾವ ಬಸದಿಯೂ ದಾನವಾಗಿ ಸ್ವೀಕರಿಸಬಾರದು. ಇತಿಹಾಸದ ತಿಳಿವಳಿಕೆಗೆ ಅದು ಬೇಕೆನ್ನುವವರು ವಸ್ತುಸಂಗ್ರಹಾಲಯಕ್ಕೆ ಕೊಡಲಿ. ಅಲ್ಲಿಯೂ ಬೆಳ್ಳಿಯ ವರ್ಣನೆಯ ಜೊತೆಗೆ ಅದು ಕುದುರೆಗೆ ಏನು ಮಾಡುತ್ತಿತ್ತೆಂಬ ಎರಡು ಸಾಲುಗಳನ್ನು ಬರೆಸಲಿ. ಬೆತ್ತ ಹಿಡಿದು ಓಡಿಸುವ ಕಂಬಳಕ್ಕೆ ಟ್ರಸ್ಟಿನ ಹಣವಾಗಲಿ ಹೆಸರಾಗಲಿ ಹೋಗಬಾರದು. ಹಿಂಸೆಗೆ ಬಹುಮಾನ ಕೊಡುವುದೂ ಹಿಂಸಾದಾನದ ನೆರೆಮನೆಯೇ. ಕೋಣ ಸಾಕುವ ಜೈನ ಮನೆತನಗಳು ತಮ್ಮ ಕೋಣಗಳು ಬರಿಗೈಯಲ್ಲಿ ಓಡುತ್ತವೆ ಎಂದು ಮೊದಲು ಸಾರಲಿ. ಸೋತರೂ ಆ ಜೋಡಿಗೆ ಚಿನ್ನದ ಪದಕವನ್ನು ಕೊಡಲು ನನ್ನಂತಹ ವ್ಯಾಪಾರಿಗಳು ಮುಂದೆ ಬರಬೇಕು, ನಾನು ಸಿದ್ಧನಿದ್ದೇನೆ. ಮೆರವಣಿಗೆಗೆ ಪ್ರಾಣಿ ಬೇಡ. ಬೇಕೇ ಬೇಕೆಂದರೆ ಅದರ ಬಾಯಿ, ಬೆನ್ನು, ಕಾಲುಗಳನ್ನು ಟ್ರಸ್ಟಿನ ಒಬ್ಬ ಸದಸ್ಯನು ಕಣ್ಣಾರೆ ನೋಡಿ ಸಹಿ ಹಾಕಲಿ.

ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಚಿಕ್ಕ ಬಿಂಬಗಳಿವೆ. ಅವುಗಳ ಮುಂದೆ ನಿಂತಾಗಲೆಲ್ಲ ನಾನು ಲಾಂಛನಗಳನ್ನು ಮನಸ್ಸಿನಲ್ಲಿ ಎಣಿಸುತ್ತೇನೆ. ಮೂರನೆಯ ಸಂಭವನಾಥರಿಗೆ ಕುದುರೆ. ಹನ್ನೆರಡನೆಯ ವಾಸುಪೂಜ್ಯರ ಲಾಂಛನ ಕೋಣ. ನಮ್ಮ ಹಿರಿಯರು ಈ ಎರಡೂ ಪ್ರಾಣಿಗಳನ್ನು ಜಿನರ ಪೀಠದ ಬಳಿಯಲ್ಲಿ ಕೂರಿಸಿದರು. ಅವುಗಳ ಬೆನ್ನ ಮೇಲೆ ಯಾರೂ ಇಲ್ಲ, ಹಿಂದೆ ಬೆತ್ತ ಹಿಡಿದವರೂ ಇಲ್ಲ. ಆ ಪೀಠಕ್ಕೆ ಕೈಮುಗಿದು ಹೊರಬಂದು, ಪಕ್ಕದ ಕಪಾಟಿನಲ್ಲಿ ಮುಳ್ಳನ್ನು ಮೆಚ್ಚಿ ನಿಲ್ಲುವ ಜೈನನಾಗಲು ನನ್ನಿಂದ ಆಗದು. ಅಳಿಯನಿಗೆ ಇದನ್ನೇ ಹೇಳಿದೆ. ಅವನು ಆ ಜೊತೆಯನ್ನು ಬಸದಿಗೆ ಕೊಡುವ ಯೋಚನೆಯನ್ನು ಕೈಬಿಟ್ಟಿದ್ದಾನೆ. ನನ್ನ ಅಜ್ಜನ ಬೆತ್ತದಿಂದ ಹಿತ್ತಾಳೆಯ ಬಳೆಯನ್ನು ಬಿಚ್ಚಿ ತೆಗೆದು ಉಳಿದುದನ್ನು ಒಲೆಗೆ ಹಾಕಿದ್ದೇನೆ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯ ಮತ್ತೆ ಬರಲಿದೆ. ಸದಸ್ಯರು ಆ ದಿನ ರಿಜಿಸ್ಟರನ್ನು ತೆರೆಯುವ ಮೊದಲು ಒಮ್ಮೆ ಗರ್ಭಗೃಹದತ್ತ ತಿರುಗಿ ನೋಡಲಿ ಎಂದು ಕೈಮುಗಿದು ಪ್ರಾರ್ಥಿಸುತ್ತೇನೆ.

ಜೈ ಜಿನೇಂದ್ರ.